ಬೇಟೆನಾಯಿಗೂ ಚಿನ್ನದ ಅಕ್ಷರದ ಹೆಸರು

ಹಳೇ ಯುರೋಪಿನ ತೈಲಚಿತ್ರಗಳಲ್ಲಿ ಎಲ್ಲಿ ನೋಡಿದರೂ ಬೇಟೆನಾಯಿ ಯಾಕೆ, ಅಲ್ಲಿನ ಸಿರಿವಂತರಿಗೆ ನಾಯಿ ಮೇಲೆ ಅಷ್ಟು ಪ್ರೀತಿಯಾ ಅಂತ ಕೇಳಿದ್ದೀರಿ. ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಫ್ರಾನ್ಸಿನ ದೊರೆ 14ನೇ ಲೂಯಿ ರಾತ್ರಿ ಮಲಗುವ ಮುಂಚೆ ತಾನೇ ಹೋಗಿ ನಾಯಿಗಳಿಗೆ ತಿನ್ನಿಸಿ ಬರುತ್ತಿದ್ದ. ಆದರೆ ನನಗೆ ಆ ಚಿತ್ರಗಳಲ್ಲಿ ಪ್ರೀತಿಗಿಂತ ಜಾಸ್ತಿ ಕಾಣುವುದು ಹಕ್ಕು.

ಯಾಕಂದ್ರೆ ಬೇಟೆನಾಯಿ ಸಾಕುವುದು ಎಲ್ಲರಿಗೂ ಬಿಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1671ರಲ್ಲಿ ಒಂದು ಕಾಯ್ದೆ ಬಂತು. ಸ್ವಂತ ಜಮೀನಿನಿಂದ ವರ್ಷಕ್ಕೆ 100 ಪೌಂಡ್ ಆದಾಯ ಇಲ್ಲದ ಸಾಮಾನ್ಯ ಜನ ಮೊಲ ಅಟ್ಟಿ ಹಿಡಿಯುವ ಗ್ರೇಹೌಂಡ್ ಜಾತಿಯ ಬೇಟೆನಾಯಿ ಇಟ್ಟುಕೊಳ್ಳುವಂತಿಲ್ಲ. ಜಮೀನ್ದಾರನ ಕಾವಲುಗಾರ ಮನೆ ಜಾಲಾಡಿ ನಾಯಿಯನ್ನು ಎಳೆದೊಯ್ಯಬಹುದಿತ್ತು. ಆಗ ಹಳ್ಳಿ ಕಡೆ ವೋಟು ಹಾಕಲು 2 ಪೌಂಡ್ ಆದಾಯದ ಜಮೀನು ಸಾಕಿತ್ತು! ಮೊಲ ಹಿಡಿಯಲು ಅದರ ಐವತ್ತು ಪಟ್ಟು ಬೇಕು. ಈ ನಿಯಮ ತೊಲಗಿದ್ದು 1831ರಲ್ಲಿ. ಫ್ರಾನ್ಸಿನಲ್ಲೂ ಬೇಟೆ ಕುಲೀನರ ಸ್ವತ್ತು. ಬೆಳೆಗೆ ನುಗ್ಗಿದ ಪ್ರಾಣಿಯನ್ನೂ ರೈತ ಹೊಡೆಯುವಂತಿರಲಿಲ್ಲ. ಫ್ರೆಂಚ್ ಕ್ರಾಂತಿಯಲ್ಲಿ, 1789ರ ಆಗಸ್ಟ್ 4ರ ರಾತ್ರಿ ರದ್ದಾದ ವಿಶೇಷ ಹಕ್ಕುಗಳಲ್ಲಿ ಇದೂ ಒಂದು. ಹಾಗಾಗಿ ಗೋಡೆ ಮೇಲಿನ ನಾಯಿ ಒಂಥರಾ ಜಮೀನಿನ ಪತ್ರ ಇದ್ದಂಗೆ.

ಇಂಥ ನಾಯಿಗಳ ಚಿತ್ರ ಬರೆಯುವುದರಲ್ಲಿ ಪಳಗಿದವನು ಫ್ರೆಂಚ್ ಚಿತ್ರಕಾರ ದೆಪೋರ್ಟ್. ಬೇಟೆಗೆ 14ನೇ ಲೂಯಿಯ ಜೊತೆಗೇ ಹೋಗಿ ಅಲ್ಲೇ ಸ್ಕೆಚ್ ಮಾಡುತ್ತಿದ್ದ. ಯಾವುದನ್ನು ದೊಡ್ಡದಾಗಿ ಬರೆಯಬೇಕು ಅಂತ ದೊರೆಯೇ ಆರಿಸುತ್ತಿದ್ದ. 1702ರಲ್ಲಿ ಮಾರ್ಲಿ ಅರಮನೆಗೆ ಬರೆದ ಚಿತ್ರವೊಂದರಲ್ಲಿ ಬಾನ್, ನಾನ್, ಪಾನ್ ಅಂತ ಮೂರು ಹೆಣ್ಣುನಾಯಿಗಳಿವೆ. ಹೆಸರುಗಳು ಚಿನ್ನದ ಅಕ್ಷರದಲ್ಲಿ! ಅವುಗಳ ಗೂಡು ಗುಡಿಸಿದ ಆಳುಗಳಿಗೆ ಆ ಭಾಗ್ಯ ಎಲ್ಲಿ ಬರಬೇಕು?

ಇದಕ್ಕಿಂತ ಮಜಾ ಅನ್ನಿಸುವುದು ಅವನು 1699ರಲ್ಲಿ ಚಿತ್ರಕಾರರ ರಾಜ ಅಕಾಡೆಮಿ ಸೇರಲು ಕೊಟ್ಟ ಚಿತ್ರ. ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೇಟೆಗಾರನಾಗಿ ಕೂತಿರುವವನು ಅವನೇ. ಕೋವಿ, ನಾಯಿಗಳು, ಹೊಡೆದ ಬೇಟೆಯ ರಾಶಿ ಎಲ್ಲಾ ಇದೆ. ಹುಟ್ಟಿನಲ್ಲಿ ರೈತನ ಮಗ! ಕುಂಚ ಕೊಡಿಸಿದ ಅಂತಸ್ತನ್ನು ಕೋವಿ, ನಾಯಿ ಇಟ್ಟು ತೋರಿಸಿದ್ದಾನೆ.

ಅವನ ನಂತರದ ಚಿತ್ರಕಾರ ಊದ್ರಿ 15ನೇ ಲೂಯಿಯ ನಾಯಿಗಳನ್ನು ಬರೆದ. ಅವನದ್ದರಲ್ಲಿ ನನಗಿಷ್ಟ 1752ರ ಚಿತ್ರ: ಒಂದು ಬೇಟೆನಾಯಿ ಮರಿಗಳಿಗೆ ಹಾಲೂಡಿಸುತ್ತಿದೆ. ಸತ್ತ ಮೊಲ ಇಲ್ಲ, ಯಜಮಾನನೂ ಇಲ್ಲ. ಮರುವರ್ಷ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಅದನ್ನು ಕೊಂಡವನು ದೇವರನ್ನೇ ನಂಬದ ತತ್ವಜ್ಞಾನಿ ಬ್ಯಾರನ್ ದೋಲ್ಬಾಕ್. ಪ್ರೀತಿ ಹುಡುಕುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.