ಗ್ಯಾರೇಜ್ ಕಟ್ಟೆ: ಗೇರ್‌ಬಾಕ್ಸ್ ಇಳಿಸೋ ಮೊದಲು ಪ್ಲಗ್ ಬಿಚ್ಚಿ

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದ ಕಡೆಯವನು, ಈಗ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದೇನೆ. ಮೂರು ವರ್ಷದ ಹಿಂದೆ 2003ರ ಒಂದು ಪಿಕಪ್ ಟ್ರಕ್ ತಗೊಂಡೆ. ವಿ8 ಇಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್, 1,60,000 ಮೈಲಿ ಓಡಿದೆ. ಊರೊಳಗೆ ಏನೂ ತೊಂದರೆಯಿಲ್ಲ. ಐ-10 ಹೆದ್ದಾರಿಯಲ್ಲಿ ಬರ್ನಿ ಕಡೆ ಏರು ಹತ್ತುವಾಗ, 45ರಿಂದ 55 ಮೈಲಿ ವೇಗದಲ್ಲಿ ಮಾತ್ರ ಗಡಗಡ ನಡುಗುತ್ತದೆ. ಹಿಂದೆ ಗೊಬ್ಬರದ ಟ್ರೇಲರ್ ಇದ್ದರೆ ಇನ್ನೂ ಜಾಸ್ತಿ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗೇರ್ ಇಳಿದು ನಡುಕ ಮಾಯ. ಚೆಕ್ ಇಂಜಿನ್ ಲೈಟ್ ಹತ್ತಿಲ್ಲ. ವರ್ಕ್‌ಶಾಪ್ ಒಂದರಲ್ಲಿ ಓಡಿಸಿ ನೋಡಿ, ‘ಟಾರ್ಕ್ ಕನ್ವರ್ಟರ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 3,200 ಡಾಲರ್’ ಅಂದರು. ಗಾಡಿಗೇ ಅಷ್ಟು ಬೆಲೆ ಇಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಇಳಿಸಬೇಡಿ. ಒಂದು ವಾರ ತಡೆಯಿರಿ.

ಈ ನಡುಕಕ್ಕೆ ನಾನೂ ಒಮ್ಮೆ ಮೋಸ ಹೋಗಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದು. ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಸೋದರಮಾವನ ಲಾರಿ ಗ್ಯಾರೇಜಿನಲ್ಲಿ. ಅಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ನಾವ್ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಒಹಾಯೊಗೆ ಬಂದು ಗೇರ್‌ಬಾಕ್ಸ್ ರಿಪೇರಿ ಅಂಗಡಿ ಸೇರಿದ ಮೇಲೆ ಹುಚ್ಚು ಹಿಡಿದವನ ಹಾಗೆ ಅದನ್ನೇ ಕಲಿತೆ. ಕಲಿತ ಮೇಲೆ ಏನಾಯಿತು? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಯಾವ ಗಾಡಿ ನಡುಗಿದರೂ ಗೇರ್‌ಬಾಕ್ಸೇ. ಹೀಗೇ ಒಂದು ಪಿಕಪ್ ಬಂತು, ನಿಮ್ಮದರಂತೆಯೇ. ಎರಡು ದಿನ ಕೂತು ಇಳಿಸಿ, ಹೊಸ ಟಾರ್ಕ್ ಕನ್ವರ್ಟರ್ ಹಾಕಿ, ಮತ್ತೆ ಏರಿಸಿ ಓಡಿಸಿದೆ. ಅದೇ ನಡುಕ! ಕಡೆಗೆ ಸಿಕ್ಕ ಕಳ್ಳ ಯಾರು ಗೊತ್ತಾ? ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಕೆಳಗಿನ, ಪ್ಲಗ್ಗಿಗೆ ಮುಚ್ಚಿಕೊಳ್ಳುವ ರಬ್ಬರ್ ಬೂಟು. ಅಂಗಡಿ ಮಾಲೀಕರು ಬೈಯಲಿಲ್ಲ. ಆ ಬೂಟನ್ನು ದಾರದಲ್ಲಿ ಕಟ್ಟಿ ನನ್ನ ಟೂಲ್ ಬಾಕ್ಸಿಗೆ ನೇತುಹಾಕಿದರು. ಬೈದಿದ್ದರೇ ಚೆನ್ನಾಗಿತ್ತು.

ಟಾರ್ಕ್ ಕನ್ವರ್ಟರಿನದ್ದು, ಪ್ಲಗ್ಗಿನ ಕಿಡಿಯದ್ದು, ಈ ಎರಡು ತೊಂದರೆಗಳೂ ಒಂದೇ ಜಾಗದಲ್ಲಿ ಯಾಕೆ ತಲೆ ಎತ್ತುತ್ತವೆ ಅನ್ನೋದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ ಶಕ್ತಿ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಹೋಗುತ್ತದೆ. ಎಣ್ಣೆ ಅಂದಮೇಲೆ ಸ್ವಲ್ಪ ಜಾರುತ್ತದೆ. ಹೆದ್ದಾರಿಯಲ್ಲಿ ಆ ಜಾರುವಿಕೆ ದಂಡ ಅಂತ ಒಳಗಿರುವ ಸಣ್ಣ ಕ್ಲಚ್ಚೊಂದು ಎರಡೂ ಕಡೆಯನ್ನು ಕಚ್ಚಿ ಹಿಡಿಯುತ್ತದೆ. ಇದನ್ನೇ ಲಾಕಪ್ ಅನ್ನುತ್ತೇವೆ (ಪೊಲೀಸರದ್ದಲ್ಲ). ಸುಮಾರಾಗಿ 40 ಮೈಲಿ ದಾಟಿದ ಮೇಲೆ ಇದು ನಡೆಯುತ್ತದೆ. ಆ ಕ್ಲಚ್ಚು ಸವೆದಿದ್ದರೆ ಅಥವಾ ಎಣ್ಣೆ ಹಳೆಯದಾಗಿದ್ದರೆ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ರಸ್ತೆಯ ರಂಬ್ಲರ್ ಮೇಲೆ ಹೋದ ಹಾಗೆ ಅನಿಸುತ್ತದೆ.

ಈಗ ಇಂಜಿನ್ ಕಡೆ ನೋಡಿ. ಲಾಕಪ್ ಆದ ಕೂಡಲೇ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇನ್ನೂರು ಮುನ್ನೂರು ಇಳಿಯುತ್ತದೆ. ಏರು ಬೇರೆ, ಟ್ರೇಲರ್ ಬೇರೆ. ನೀವು ಆಕ್ಸಿಲರೇಟರ್ ಒತ್ತುತ್ತೀರಿ. ಸಿಲಿಂಡರಿನೊಳಗೆ ಗಾಳಿ ಪೆಟ್ರೋಲು ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಕಿಡಿ ಹಾರುವುದು ಕಷ್ಟ, ವೋಲ್ಟೇಜ್ ಜಾಸ್ತಿ ಬೇಕು. ಸೀಳು ಬಿಟ್ಟ ಬೂಟು ಅಷ್ಟು ವೋಲ್ಟೇಜನ್ನು ತಡೆಯಲಾರದೆ ಪಕ್ಕದ ಲೋಹಕ್ಕೆ ಬಿಟ್ಟುಕೊಡುತ್ತದೆ. ಆ ಸಿಲಿಂಡರು ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಅದರೊಳಗಿನ ಪೆಟ್ರೋಲು ಸರಿಯಾಗಿ ಉರಿಯುವುದಿಲ್ಲ. ನಿಲ್ಲಿಸಿಕೊಂಡು ಎಷ್ಟು ರೇಸ್ ಮಾಡಿದರೂ ಏನೂ ಗೊತ್ತಾಗದೆ ಇರಬಹುದು, ಆಗ ಇಂಜಿನ್‌ಗೆ ಭಾರವೇ ಇಲ್ಲವಲ್ಲ. ನಿಮ್ಮ ಕಡೆ ಕಬ್ಬಿನ ಗಾಡಿ ನೋಡಿಲ್ವಾ? ಖಾಲಿ ಗಾಡಿಯಲ್ಲಿ ಎತ್ತು ಕುಂಟುವುದು ಕಾಣದು. ತುಂಬಿಸಿ ದಿಬ್ಬ ಹತ್ತಿಸಿದಾಗಲೇ ಗೊತ್ತಾಗುವುದು.

ಇನ್ನೊಂದು ಲೆಕ್ಕ. ಪ್ರತಿ ಸಿಲಿಂಡರ್ ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಉರಿಯುತ್ತದೆ. 1,500 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಪೂರ್ತಿ ಕೈಕೊಟ್ಟರೆ ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ಕುಲುಕು. ಇದೂ ರಂಬ್ಲರ್ ಥರಾನೇ. ಬರೀ ಕುಂಡಿಗೆ ಗೊತ್ತಾದದ್ದನ್ನು ನಂಬಿ 3,200 ಡಾಲರ್ ಕೊಡಬಾರದು ಅನ್ನೋದು ಅದಕ್ಕೇ.

ಬಹಳ ಜನ ಒಂದು ಪರೀಕ್ಷೆ ಹೇಳಿಕೊಡುತ್ತಾರೆ. ನಡುಗುವಾಗ ಆಕ್ಸಿಲರೇಟರ್ ಬಿಡದೆ, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿ. ಬ್ರೇಕ್ ಲೈಟ್ ಹತ್ತಿದ ತಕ್ಷಣ ಲಾಕಪ್ ಬಿಡುತ್ತದೆ. ನಡುಕ ನಿಂತರೆ ಕನ್ವರ್ಟರ್ ತಪ್ಪು ಅಂತ. ನಿಮ್ಮ ವರ್ಕ್‌ಶಾಪಿನವರೂ ಇದನ್ನೇ ಮಾಡಿರಬೇಕು. ನಾನೂ ಇದನ್ನೇ ಮಾಡಿ ಕೆಟ್ಟೆ. ಲಾಕಪ್ ಬಿಟ್ಟಾಗ ಆರ್‌ಪಿಎಂ ಏರುತ್ತದೆ, ಇಂಜಿನ್ ಮೇಲಿನ ಭಾರ ತುಸು ಇಳಿಯುತ್ತದೆ. ಮಿಸ್ಸಿಂಗ್ ಕೂಡ ನಿಲ್ಲಬಹುದು! ಮುಟ್ಟಿದ ಮೇಲೂ ನಡುಕ ಉಳಿದರೆ ಮಾತ್ರ ಈ ಪರೀಕ್ಷೆಯಿಂದ ಲಾಭ: ಆಗ ಕನ್ವರ್ಟರ್ ಕ್ಲಚ್ ಬಚಾವ್. ಆಕ್ಸಿಲರೇಟರ್ ಒತ್ತಿದಾಗ ಗೇರ್ ಇಳಿದು ನಡುಕ ಮಾಯವಾಗುವುದೂ ಇಂಥದ್ದೇ, ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ.

ನಾನಾದರೆ ಲಾಕಪ್ ಇಲ್ಲದ ಕಡೆ ಇಂಜಿನ್ ಮೇಲೆ ಭಾರ ಹಾಕಿ ನೋಡುತ್ತೇನೆ. ವಾಹನ ಕಡಿಮೆ ಇರುವ ಏರು ರಸ್ತೆ ಹುಡುಕಿ. ಗೇರ್ ಲಿವರನ್ನು 2ಕ್ಕೆ ಇಳಿಸಿ, 30 ಮೈಲಿ ಆಸುಪಾಸಿನಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತುತ್ತಾ ಹೋಗಿ. ನಿಮ್ಮ ಗಾಡಿಯ ಕಾಲದ ಬಹುತೇಕ ಟ್ರಕ್‌ಗಳಲ್ಲಿ ಎರಡನೇ ಗೇರಿನಲ್ಲಿ ಲಾಕಪ್ ಆಗುವುದಿಲ್ಲ. ಅಲ್ಲೂ ತಡವರಿಸಿದರೆ ಇಂಜಿನ್ನೇ. ಜತೆಗೆ ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಮುಳ್ಳು ನೋಡಿ. ಕನ್ವರ್ಟರ್ ಜಾರುತ್ತಿದ್ದರೆ ಮುಳ್ಳೂ ಮೇಲೆ ಕೆಳಗೆ ಆಡುತ್ತದೆ. ಮಿಸ್ಸಿಂಗ್ ಆದರೆ ಸೀಟು ಕುಲುಕಿದರೂ ಮುಳ್ಳು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಇನ್ನು ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟಾಗಲೂ ನಡುಗಿದರೆ ಎರಡೂ ಅಲ್ಲ, ಟಯರೋ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೋ ಇರಬೇಕು.

ಲೈಟ್ ಹತ್ತಿಲ್ಲ ಅಂದಿರಿ. ಅದನ್ನು ನೆಚ್ಚಬೇಡಿ. ಆಗಾಗ ಬಂದು ಹೋಗುವ ಮಿಸ್ಸಿಂಗ್‌ಗೆ ಎಷ್ಟೋ ಸಲ ಲೈಟ್ ಹತ್ತುವುದೇ ಇಲ್ಲ. ಅಮೆರಿಕದಲ್ಲಿ 1996ರ ಮಾದರಿಯಿಂದ ಮುಂದೆ ಮಾರಿದ ಎಲ್ಲ ಕಾರು, ಹಗುರ ಪಿಕಪ್‌ಗಳಲ್ಲೂ ಓಬಿಡಿ-2 ಸಾಕೆಟ್ (ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಕಿಂಡಿ) ಇರುತ್ತದೆ. ಒಂದು ಅಗ್ಗದ ಸ್ಕ್ಯಾನರ್ ತಗೊಂಡು ‘ಪೆಂಡಿಂಗ್’ ಕೋಡ್ (ಲೈಟ್ ಹತ್ತುವ ಮೊದಲೇ ಕಂಪ್ಯೂಟರ್ ಗುರುತು ಹಾಕಿಕೊಂಡ ದೋಷ) ಓದಿ. ಪಿ0301ರಿಂದ ಪಿ0308ರ ತನಕ ಯಾವುದಾದರೂ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಪಿ0300 ಅಂದರೆ ಇಂಥದೇ ಸಿಲಿಂಡರ್ ಅಂತಿಲ್ಲ. ಪಿ0741 ಬಂದರೆ ಲಾಕಪ್ ಹಿಡಿಯುತ್ತಿಲ್ಲ ಅಂತ, ಆಗ ನಿಮ್ಮ ವರ್ಕ್‌ಶಾಪಿನವರ ಮಾತಿಗೆ ತೂಕ ಬರುತ್ತದೆ.

ಆಮೇಲೆ ಪ್ಲಗ್. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಅಲ್ಯುಮಿನಿಯಂ ಹೆಡ್ಡಿನಿಂದ ಪ್ಲಗ್ ಬಿಚ್ಚಲು ಹೋದರೆ ಹೆಡ್ಡಿನ ಮರೆ (ಥ್ರೆಡ್) ಕಿತ್ತುಬರಬಹುದು, ಅದು ಇದಕ್ಕಿಂತ ದೊಡ್ಡ ತಲೆನೋವು. ಬಿಚ್ಚುವ ಮೊದಲು ಪ್ಲಗ್ ಕುಳಿಯ ಕಸವನ್ನು ಗಾಳಿ ಹೊಡೆದು ತೆಗೆಯಿರಿ. ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಕಿಡಿ ಹೊರಗಿನಿಂದ ಓಡಿದೆ. ಬೂಟಿನ ಒಳಗೂ ಅದರ ಜೋಡಿ ಗೆರೆ ಇರುತ್ತದೆ. ಆಗ ಎರಡನ್ನೂ ಒಟ್ಟಿಗೆ ಬದಲಿಸಿ. ಪ್ಲಗ್ ಮಾತ್ರ ಹೊಸದು ಹಾಕಿದರೆ ಹಳೆ ಬೂಟು ಅದಕ್ಕೂ ಗೆರೆ ಎಳೆಯುತ್ತದೆ. ಗೆರೆ ಇಲ್ಲ, ಆದರೆ ಕೋಡ್ ಪಿ0304 ಅಂತಿದೆಯಾ? ನಾಲ್ಕರ ಕಾಯಿಲನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0302 ಆದರೆ ಕಾಯಿಲೇ ಹೋಗಿದೆ.

ಇಷ್ಟೆಲ್ಲ ಸರಿಯಿದ್ದರೆ ಆಗ ಗೇರ್‌ಬಾಕ್ಸ್. ಅಲ್ಲೂ ಮೊದಲು ಎಣ್ಣೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಕೆಂಪಗಿದ್ದರೆ ಅಥವಾ ತುಸು ಕಂದು ಬಣ್ಣಕ್ಕೆ ತಿರುಗಿದ್ದರೆ, ತಯಾರಕರು ಹೇಳಿದ ಎಣ್ಣೆ ಹಾಕಿ, ಫಿಲ್ಟರ್ ಬದಲಿಸಿ. ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆ, ಅಂದರೆ ಪ್ಯಾನ್ ಬಿಚ್ಚಿದಾಗ ಎಣ್ಣೆಯೆಲ್ಲ ಬರುವುದಿಲ್ಲ, ಬಹುಪಾಲು ಕನ್ವರ್ಟರಿನಲ್ಲೇ ಉಳಿಯುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಎಷ್ಟೋ ನಡುಕ ಇಷ್ಟಕ್ಕೇ ನಿಂತದ್ದನ್ನು ನೋಡಿದ್ದೇನೆ. ಪ್ಯಾನಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಮೆತ್ತಿದ್ದರೆ ಹೆದರಬೇಡಿ. ಮಿರಮಿರ ಮಿನುಗುವ ಲೋಹದ ಚೂರುಗಳಿದ್ದು, ಎಣ್ಣೆ ಕಪ್ಪಾಗಿ ಸೀದ ವಾಸನೆ ಹೊಡೆದರೆ ಮಾತ್ರ ಆ 3,200 ಡಾಲರಿನ ಮಾತು ಶುರು ಮಾಡಿ. ಆ ದುಡ್ಡು ಈ ಗಾಡಿಗೆ ಹಾಕುವುದಾ ಬೇಡವಾ ಅನ್ನೋದು ಮನೆಯಲ್ಲಿ ಕೂತು ತೀರ್ಮಾನಿಸಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಮ್ಮೆಜಮಾನರ ಹಳೇ ಟ್ರಕ್ಕಿನಲ್ಲಿ ಚೆಕ್ ಇಂಜಿನ್ ಲೈಟ್ ಮಿಣಕ್ ಮಿಣಕ್ ಅನ್ನುತ್ತಿದೆ. ಅವರು ‘ಇನ್ನೊಂದು ತಿಂಗಳು ಓಡುತ್ತೆ ಬಿಡು’ ಅನ್ನುತ್ತಾರೆ. ಓಡುತ್ತದಾ?

ಉತ್ತರ: ಬೇಡ ಮೇಡಂ. ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ಆ ಮಾತು ಬೇರೆ. ಮಿಣುಕಿದರೆ ಮಿಸ್ಸಿಂಗ್ ಜೋರಾಗಿದೆ ಅಂತ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡು ಕರಗುವಷ್ಟು ಕಾಯುತ್ತದೆ. ಪ್ಲಗ್, ಕಾಯಿಲ್‌ಗಿಂತ ಅದರ ಖರ್ಚು ಎಷ್ಟೋ ಜಾಸ್ತಿ. ಆಕ್ಸಿಲರೇಟರ್ ಹಗುರ ಮಾಡಿದಾಗ ಮಿಣುಕು ನಿಂತರೆ ನಿಧಾನಕ್ಕೆ ಹತ್ತಿರದ ಗ್ಯಾರೇಜಿಗೆ ಒಯ್ಯಿರಿ. ನಿಲ್ಲದಿದ್ದರೆ ಟೋ ಮಾಡಿಸಿ. ಯಜಮಾನರಿಗೆ ಈ ಪುಟ ತೋರಿಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಎಎಂಟಿ ಕಾರು ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಬಾಗುವಂತೆ ಜರ್ಕ್ ಹೊಡೆಯುತ್ತದೆ. ಟಾರ್ಕ್ ಕನ್ವರ್ಟರ್ ಹೋಗಿದೆಯಾ?

ಉತ್ತರ: ಇಲ್ಲದ್ದು ಹೋಗುವುದು ಹೇಗೆ ಸ್ವಾಮಿ! ನಿಮ್ಮದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಕಾಲು ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಗೇರ್ ಬದಲಾಗುವಾಗ ಚೂರು ತಲೆಯಾಡುವುದು ಅದರ ಗುಣ. ಆ ಕ್ಷಣಕ್ಕೆ ಆಕ್ಸಿಲರೇಟರ್ ತುಸು ಬಿಡುವ ರೂಢಿ ಮಾಡಿಕೊಳ್ಳಿ. ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಾಗ ಮಾತ್ರ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದುಕೊಳ್ಳಬೇಡಿ, ಪ್ಲೇಟು ಸೀಯುತ್ತದೆ. ಬ್ರೇಕ್ ಹಿಡಿಯಿರಿ. ಗೇರ್ ಬದಲಾಗದೆ, ಒಂದೇ ವೇಗದಲ್ಲಿ ಹೋಗುವಾಗಲೂ ಜರ್ಕ್ ಇದೆಯಾ? ಹಾಗಿದ್ದರೆ ಮೇಲೆ ಮಂಡ್ಯದವರಿಗೆ ಹೇಳಿದ ಪ್ಲಗ್ ಮಾತನ್ನು ನೀವೂ ಓದಿ.