ಕೋರ್ಟ್ ಮಾರ್ಷಲ್ ಆದವನಿಗೆ ಬಡ್ತಿ ಹೇಗೆ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಡೇನಿಯಲ್ ಬೂನ್ ತನ್ನ ಜನರನ್ನೇ ಶತ್ರುಗಳಿಗೆ ಒಪ್ಪಿಸಿದ, ವಿಚಾರಣೆ ಎದುರಿಸಿದ, ಆಮೇಲೆ ಮೇಜರ್ ಆದ ಎಂದು ಬರೆದಿದ್ದೀರಿ. ಇದೆಂಥ ಸೈನ್ಯ? ಶಾನಿ ನಾಯಕ ಬ್ಲ್ಯಾಕ್‌ಫಿಶ್ ಕೊನೆಗೆ ಏನಾದ?"

ನಮಸ್ಕಾರ. ಬೂನ್ ಅಮೆರಿಕದ ಕೆಂಟಕಿಯ ಕಾಡುಗಳಲ್ಲಿ ನೆಲೆಯೂರಿದ ಬೇಟೆಗಾರ. ಶಾನಿಗಳು ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು. ಬೂನ್ ಇದ್ದದ್ದು ಸೈನ್ಯದಲ್ಲಲ್ಲ, ಮಿಲಿಷಿಯಾದಲ್ಲಿ. ಕೆಂಟಕಿ ಆಗ ವರ್ಜೀನಿಯಾದ ಗಡಿ. ಮೆಕ್ಕೆಜೋಳ ಬೆಳೆಯುವವರೇ ಕರೆ ಬಂದಾಗ ಮನೆಯ ಬಂದೂಕು ಹಿಡಿದು ಹೊರಡುತ್ತಿದ್ದರು. ಕ್ಯಾಪ್ಟನ್ ಅಂದರೆ ಪಕ್ಕದ ಮನೆಯವನೇ. ಅವನ ಮಾತು ಹಿಡಿಸದಿದ್ದರೆ ಮುಖಕ್ಕೇ ಹೇಳುತ್ತಿದ್ದರು.

1778ರ ಫೆಬ್ರವರಿ. ಮಾಂಸ ಕೆಡದಂತೆ ಇಡಲು ಉಪ್ಪು ಬೇಕಿತ್ತು. ಬೂನ್ ಸುಮಾರು 30 ಮಂದಿಯ ಜೊತೆ ಬ್ಲೂ ಲಿಕ್ಸ್‌ನ ಉಪ್ಪುನೀರಿನ ಬುಗ್ಗೆಗೆ ಹೋದ. ದೊಡ್ಡ ಹಂಡೆಗಳಲ್ಲಿ ಕೊಡಗಟ್ಟಲೆ ನೀರು ಕುದಿಸಿ ಇಂಗಿಸಿದರೆ ತಳದಲ್ಲಿ ಒಂದಿಷ್ಟು ಉಪ್ಪು ಉಳಿಯುತ್ತಿತ್ತು. ಇವರಿಗೆ ಮಾಂಸ ತರಲು ಹಿಮದಲ್ಲಿ ಒಬ್ಬನೇ ಬೇಟೆಗೆ ಹೋದ ಬೂನ್ ಶಾನಿಗಳ ಕೈಗೆ ಸಿಕ್ಕಿಬಿದ್ದ. ಅವರು ಹೊರಟಿದ್ದು ಬೂನ್‌ನ ಜನ ನೆಲೆಸಿದ್ದ ಬೂನ್ಸ್‌ಬರೋ ಕೋಟೆಯ ಮೇಲೆ ದಾಳಿಗೆ. ಅಲ್ಲಿ ಗೋಡೆ ಪೂರ್ತಿ ಎದ್ದಿರಲಿಲ್ಲ, ಒಳಗೆ ಹೆಂಗಸರು, ಮಕ್ಕಳಿದ್ದರು. ಕೋಟೆ ಉಳಿಯಲಿ ಎಂದು ಬೂನ್ ತನ್ನವರನ್ನು ಶರಣಾಗಲು ಒಪ್ಪಿಸಿದ.

ಬ್ಲ್ಯಾಕ್‌ಫಿಶ್ ಅವನನ್ನು ಮಗನೆಂದು ಮನೆಗೆ ಸೇರಿಸಿಕೊಂಡ. ಜೂನ್‌ನಲ್ಲಿ ದಾಳಿಯ ಸುಳಿವು ಸಿಕ್ಕಿತು. ಬೂನ್ ತಪ್ಪಿಸಿಕೊಂಡು ನಾಲ್ಕೈದು ದಿನದಲ್ಲಿ ಸುಮಾರು 250 ಕಿಲೋಮೀಟರ್ ದಾಟಿ ಕೋಟೆ ತಲುಪಿದ. ಸೆಪ್ಟೆಂಬರ್‌ನ ಮುತ್ತಿಗೆಯಲ್ಲಿ ಕೋಟೆ ಉಳಿಯಿತು.

ಆದರೂ ದ್ರೋಹದ ಆರೋಪ ಬಂತು. ಹೊರಿಸಿದವರಲ್ಲಿ ರಿಚರ್ಡ್ ಕ್ಯಾಲವೇ ಒಬ್ಬ. 1776ರಲ್ಲಿ ಅಪಹರಣವಾದ ಅವನ ಇಬ್ಬರು ಹೆಣ್ಣುಮಕ್ಕಳನ್ನು ಬಿಡಿಸಿ ತಂದದ್ದು ಇದೇ ಬೂನ್‌ನ ತಂಡ! ಕೋರ್ಟ್ ಮಾರ್ಷಲ್, ಅಂದರೆ ಸೇನಾ ವಿಚಾರಣೆ, ನಡೆಸಿದ ಅಧಿಕಾರಿಗಳು ಬೂನ್‌ನ ಮಾತು ನಂಬಿದರು. ಖುಲಾಸೆಯೂ ಆಯಿತು, ಬಡ್ತಿಯೂ ಸಿಕ್ಕಿತು. ನನ್ನ ಪ್ರಕಾರ ಅದು ನ್ಯಾಯವೇ. ಆದರೆ ನೋವು ಜಾಸ್ತಿ ಆಗಿರಬೇಕು ಅಲ್ವಾ? 1784ರಲ್ಲಿ ಅಚ್ಚಾದ ತನ್ನ ಕಥೆಯಲ್ಲಿ ಅವನು ಈ ವಿಚಾರಣೆಯ ಸುದ್ದಿಯನ್ನೇ ಎತ್ತಿಲ್ಲ.

ಬಡ್ತಿ ಸಿಕ್ಕರೂ ಮಾತು ನಡೆಯುತ್ತದೆ ಅಂತೇನಿಲ್ಲ. 1782ರ ಆಗಸ್ಟ್ 19, ಮತ್ತೆ ಬ್ಲೂ ಲಿಕ್ಸ್. ವೈರಿಗಳು ಹೊಂಚು ಹಾಕಿದ್ದಾರೆ, ಕಾಯೋಣ ಎಂದು ಅಷ್ಟರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಬೂನ್ ಎಚ್ಚರಿಸಿದ. ಮೇಜರ್ ಹ್ಯೂ ಮೆಕ್‌ಗ್ಯಾರಿ ಕೇಳದೆ ಕುದುರೆಯನ್ನು ಹೊಳೆಗಿಳಿಸಿದ, ಉಳಿದವರು ಹಿಂದೆಯೇ ನುಗ್ಗಿದರು. ಸುಮಾರು 180 ಮಂದಿಯಲ್ಲಿ 70ರಷ್ಟು ಜನ ಸತ್ತರು. ಅವರಲ್ಲಿ ಬೂನ್‌ನ ಮಗ ಇಸ್ರೇಲ್ ಕೂಡ ಇದ್ದ.

ಇನ್ನು ಬ್ಲ್ಯಾಕ್‌ಫಿಶ್. ಶಾನಿಗಳಿಗೆ ಕೆಂಟಕಿ ತಲೆತಲಾಂತರದ ಬೇಟೆಯ ನೆಲ. ಅದಕ್ಕಾಗಿಯೇ ಅವನು ಕಾದಾಡಿದ. 1779ರಲ್ಲಿ ಕೆಂಟಕಿ ಮಿಲಿಷಿಯಾ ಅವನ ಊರಿನ ಮೇಲೆ ದಾಳಿ ಮಾಡಿದಾಗ ಕಾಲಿಗೆ ಗುಂಡು ತಗುಲಿತು. ಆ ಗಾಯದಿಂದಲೇ ಸತ್ತ. ಅವನ ಬಗ್ಗೆಯೇ ಒಂದು ಲೇಖನ ಬರೆಸುತ್ತೇವೆ.

– ಸಂಪಾದಕ