ಭಾಷಣ ಒಂದು ದಿನದ್ದು, ಹಾಲ್‌ನ ಬೀಗ ದಿನಾ ಸಂಜೆ ತೆಗೆಯಿರಿ

ಓದುಗರ ಪ್ರಶ್ನೆ, ತಜ್ಞರ ಉತ್ತರ
ಉತ್ತರಿಸುವವರು: ಮುಂಬಯಿಯ ವ್ಯಸನಮುಕ್ತಿ ಆಪ್ತಸಮಾಲೋಚಕಿ

ಪ್ರಶ್ನೆ: ಮೇಡಂ, ನಾನು ಡೊಂಬಿವಲಿಯ ಒಂದು ಕನ್ನಡ ಸಂಘದ ಕಾರ್ಯದರ್ಶಿ. ನಮ್ಮ ಏರಿಯಾದಲ್ಲಿ ಹತ್ತನೇ, ಹನ್ನೆರಡನೇ ಕ್ಲಾಸಿನ ಹುಡುಗರು ಬಿಯರ್, ಗಾಂಜಾ ಅಂತ ಹಾಳಾಗುತ್ತಿರುವುದು ಕಣ್ಣಿಗೆ ಬೀಳುತ್ತಿದೆ. ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ಒಬ್ಬ ಪೊಲೀಸ್ ಅಧಿಕಾರಿ ಮತ್ತು ಕುಡಿತ ಬಿಟ್ಟು ಸರಿಹೋದ ಒಬ್ಬರಿಂದ ಭಾಷಣ ಮಾಡಿಸಬೇಕು ಅಂತಿದ್ದೇವೆ. ಇದರಿಂದ ಉಪಯೋಗ ಆಗುತ್ತದಾ?

ಉತ್ತರ: ನೀವು ಇದನ್ನು ಸಂಘದ ಕೆಲಸ ಅಂದುಕೊಂಡಿದ್ದೇ ದೊಡ್ಡ ವಿಷಯ. ಆದರೆ ಈ ಎರಡು ಭಾಷಣಗಳಿಂದ ಹುಡುಗರು ಬದಲಾಗುವುದಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಅಮೆರಿಕದಲ್ಲಿ 1983ರಿಂದ ಪೊಲೀಸರು ಶಾಲೆಗಳಿಗೆ ಹೋಗಿ ಪಾಠ ಮಾಡುವ ‘ಡೇರ್’ ಅನ್ನೋ ಕಾರ್ಯಕ್ರಮ ನಡೆಯಿತು. ಕೋಟಿಗಟ್ಟಲೆ ಖರ್ಚಾಯಿತು. ಆಮೇಲೆ ಪರೀಕ್ಷಿಸಿ ನೋಡಿದರೆ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹೆದರಿಸುವ ಭಾಷಣ, ಒಂದೇ ದಿನದ ಕಾರ್ಯಕ್ರಮ, ಹಳೇ ವ್ಯಸನಿಗಳಿಂದ ಮಕ್ಕಳಿಗೆ ಅನುಭವ ಹೇಳಿಸುವುದು, ಇವುಗಳಿಂದ ಫಲ ಸಿಗುವುದಿಲ್ಲ ಅಂತ ವಿಶ್ವಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ಕಾರಣ ಸುಲಭ. ವೇದಿಕೆ ಮೇಲೆ ಶಾಲು ಹೊದ್ದು ಕೂತವರನ್ನು ನೋಡಿದ ಹದಿನಾರರ ಹುಡುಗನ ಲೆಕ್ಕವೇ ಬೇರೆ: ಇವರು ಇಪ್ಪತ್ತು ವರ್ಷ ಕುಡಿದೂ ಚೆನ್ನಾಗೇ ಇದ್ದಾರಲ್ಲ! ಕುಡಿತ ಬಿಟ್ಟವರನ್ನು ಖಂಡಿತ ಕರೆಯಿರಿ, ಆದರೆ ಅಪ್ಪ ಅಮ್ಮಂದಿರ ಸಭೆಗೆ ಕರೆಯಿರಿ. ಮನೆಯವರು ಏನು ಮಾಡಿದ್ದರಿಂದ ಸಹಾಯ ಆಯಿತು, ಏನು ಮಾಡಿದ್ದರಿಂದ ಹಟ ಜಾಸ್ತಿ ಆಯಿತು ಅಂತ ಅವರಷ್ಟು ಚೆನ್ನಾಗಿ ಹೇಳುವವರು ಇಲ್ಲ.

ಹಾಗಾದರೆ ಏನು ಮಾಡಬೇಕು? ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದಾಗಿ ಒಪ್ಪಿಕೊಂಡಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಅಲ್ಲಿ ಮಕ್ಕಳ ಆಟ, ಸಂಗೀತದ ಕ್ಲಬ್ಬುಗಳಿಗೆ ದುಡ್ಡು ಕೊಟ್ಟರು. ಮಕ್ಕಳು ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಅನ್ನೋದರಲ್ಲಿ ಅಪ್ಪ ಅಮ್ಮಂದಿರು ಒಂದಾದರು. ಸಂಜೆ ಹೊತ್ತು ಗುಂಪಾಗಿ ಬೀದಿಯಲ್ಲಿ ಓಡಾಡಿ ಮಕ್ಕಳನ್ನು ಮಾತಾಡಿಸಿದರು. ಅದು ನಾಲ್ಕು ಲಕ್ಷಕ್ಕೂ ಕಮ್ಮಿ ಜನರ ದೇಶ, ನಮ್ಮ ಕಲ್ಯಾಣ-ಡೊಂಬಿವಲಿಯಲ್ಲೇ 2011ರ ಗಣತಿ ಪ್ರಕಾರ 12 ಲಕ್ಷಕ್ಕೂ ಜಾಸ್ತಿ ಜನ. ಅವರದ್ದನ್ನು ಹಾಗೇ ತಂದು ಇಲ್ಲಿ ಕೂರಿಸಲು ಆಗುವುದಿಲ್ಲ, ನಿಜ. ಆದರೆ ಅವರು ಕೇಳಿಕೊಂಡ ಪ್ರಶ್ನೆ ನಮ್ಮದೂ ಹೌದು: ಸಂಜೆ ಹೊತ್ತು ಮಕ್ಕಳು ಎಲ್ಲಿರುತ್ತಾರೆ, ಯಾರ ಕಣ್ಣ ಮುಂದೆ ಇರುತ್ತಾರೆ?

ಮುಂಬಯಿ ಕನ್ನಡಿಗರಿಗೆ ಇದು ಹೊಸದೇನಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಓದಿ ಬ್ಯಾಂಕು, ಆಫೀಸು ಸೇರಿದವರು ಎಷ್ಟೋ ಜನ. ಅಲ್ಲಿ ಅಕ್ಷರದ ಜೊತೆಗೆ ಇನ್ನೊಂದು ಸಿಗುತ್ತಿತ್ತು. ಹುಡುಗ ನಾಲ್ಕು ದಿನ ಕಾಣದಿದ್ದರೆ ಅವನ ಹೋಟೆಲಿಗೇ ಹೋಗಿ ವಿಚಾರಿಸುವ ಮೇಷ್ಟ್ರು. ಅದಕ್ಕೆ ಆಗ ಯಾರೂ ವ್ಯಸನಮುಕ್ತಿ ಅಂತ ಹೆಸರಿಡಲಿಲ್ಲ.

ಈಗ ನಿಮ್ಮ ಸಂಘದ ಹಾಲ್ ನೆನಪಿಸಿಕೊಳ್ಳಿ. ಅರಿಸಿನ ಕುಂಕುಮಕ್ಕೆ, ವಾರ್ಷಿಕೋತ್ಸವಕ್ಕೆ, ಶನಿವಾರದ ಭಜನೆಗೆ ಬಾಗಿಲು ತೆಗೆಯುತ್ತದೆ. ಉಳಿದ ದಿನ ಬೀಗ. ಡೊಂಬಿವಲಿಯ ಅಪ್ಪ ಅಮ್ಮ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೋ ಒಂಬತ್ತಕ್ಕೋ. ಕಾಲೇಜು ಮುಗಿದು ಅಲ್ಲಿಯವರೆಗೆ ಹುಡುಗ ಒಬ್ಬನೇ. ಇಲ್ಲವೇ ಬಿಲ್ಡಿಂಗಿನ ಟೆರೇಸ್ ಮೇಲೆ ನೀರಿನ ಟಾಂಕಿ ಹಿಂದೆ, ನಾಲ್ಕು ಗೆಳೆಯರ ಜೊತೆ. ಮೊದಲ ದಮ್ಮು, ಮೊದಲ ಬಿಯರ್ ಶುರುವಾಗುವುದು ಜಾಸ್ತಿ ಅಲ್ಲೇ. ವಾರದಲ್ಲಿ ಐದು ದಿನ ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಹಾಲ್ ತೆರೆದಿಡಿ. ಕೇರಂ ಬೋರ್ಡು, ಟೇಬಲ್ ಟೆನಿಸ್, ಒಂದು ಕಡೆ ಓದಲು ಮೇಜು, ವಾರಕ್ಕೆರಡು ದಿನ ಚೆಂಡೆ ಮದ್ದಳೆಯೋ ಯಕ್ಷಗಾನದ ಹೆಜ್ಜೆಯೋ. ಖರ್ಚು ಒಂದು ವಾರ್ಷಿಕೋತ್ಸವದಷ್ಟೂ ಆಗಲಿಕ್ಕಿಲ್ಲ.

ಒಂದೇ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ದಿನಾ ಅದೇ ಇಬ್ಬರು ಹಿರಿಯರು ಅಲ್ಲಿರಬೇಕು. ನಿವೃತ್ತರಾದವರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ ಅಲ್ವಾ? ಅವರಿಗೆ ಪ್ರತಿ ಮಗುವಿನ ಹೆಸರು ಗೊತ್ತಿರಬೇಕು. ಮೂರು ದಿನ ಬರದಿದ್ದರೆ ಮನೆಗೆ ಫೋನ್ ಹೋಗಬೇಕು. ಉಪದೇಶ ಬೇಡ. ಮಕ್ಕಳು ಹಿಂದಿ, ಮರಾಠಿಯಲ್ಲಿ ಮಾತಾಡಿದರೆ ಮುಖ ಸಿಂಡರಿಸಬೇಡಿ. ಮತ್ತೆ, ರ‍್ಯಾಂಕ್ ಬರುವ ಮಕ್ಕಳಿಗೆ ಸನ್ಮಾನ ಮಾಡುವ ಸಂಘಗಳು ಬಹಳ ಇವೆ. ಎರಡು ಸಬ್ಜೆಕ್ಟ್ ಫೇಲಾಗಿ ತಲೆ ತಗ್ಗಿಸಿ ಓಡಾಡುವ ಹುಡುಗ ನಮಗೆ ಬೇಕು. ಅವನೇ ಮೊದಲು ಕೈ ತಪ್ಪುವುದು.

ಇದರ ಜೊತೆಗೆ ಒಂದು ಬಿಲ್ಡಿಂಗಿನ ಏಳೆಂಟು ಮನೆಯವರು ಕೂತು ಮಾತಾಡಿಕೊಳ್ಳಿ. ರಾತ್ರಿ ಎಷ್ಟು ಗಂಟೆಯೊಳಗೆ ಮನೆ, ಟೆರೇಸ್ ಕೀಲಿ ಯಾರ ಹತ್ತಿರ, ಡಿಸೆಂಬರ್ 31ರ ಪಾರ್ಟಿಯಲ್ಲಿ ದೊಡ್ಡವರು ಯಾರಿರುತ್ತಾರೆ. ಎಲ್ಲ ಮನೆಯಲ್ಲೂ ಒಂದೇ ಮಾತಾದರೆ ‘ಅವನ ಮನೆಯಲ್ಲಿ ಬಿಡ್ತಾರೆ’ ಅನ್ನೋ ವಾದ ನಡೆಯುವುದಿಲ್ಲ.

ಅಂಗಡಿಗಳ ಮೇಲೂ ಕಣ್ಣಿಡಿ. ಶಾಲೆ, ಕಾಲೇಜಿನ 100 ಗಜದೊಳಗೆ ಸಿಗರೇಟು, ತಂಬಾಕು ಮಾರುವಂತಿಲ್ಲ. 18 ತುಂಬದವರಿಗೆ ಎಲ್ಲೂ ಮಾರುವಂತಿಲ್ಲ. ಇ-ಸಿಗರೇಟಂತೂ 2019ರಿಂದ ದೇಶದಲ್ಲೇ ನಿಷೇಧ. ನಿದ್ದೆ ಮಾತ್ರೆ, ಅಂದರೆ ಹುಡುಗರ ಬಾಯಲ್ಲಿ ‘ಬಟನ್’, ಚೀಟಿ ಇಲ್ಲದೆ ಕೊಡುವ ಮೆಡಿಕಲ್ ಇದ್ದರೆ ಅದರ ಮೇಲೂ ದೂರು ಕೊಡಬಹುದು. ಒಬ್ಬರೇ ಹೋಗಿ ಜಗಳ ಮಾಡಬೇಡಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ. ಎಂಡಿ (ಮೆಫೆಡ್ರೋನ್), ಗರ್ದ (ಬ್ರೌನ್ ಶುಗರ್) ತರದ ಡ್ರಗ್ಸ್ ಮಾರುವವರ ಸುಳಿವು ಸಿಕ್ಕರೆ 1933ಕ್ಕೆ ಫೋನ್ ಮಾಡಿ. ಅದು ಮಾದಕ ವಸ್ತು ನಿಯಂತ್ರಣ ಬ್ಯೂರೋದ ಸಹಾಯವಾಣಿ. ಅಂಥವರನ್ನು ನೀವೇ ಹಿಡಿಯಲು ಹೋಗಬೇಡಿ.

ಪ್ರಶ್ನೆ: ನಮ್ಮ ಸಂಘದ ಅಧ್ಯಕ್ಷರು, ದೊಡ್ಡ ದಾನಿಗಳು ಬಾರ್ ಆಂಡ್ ರೆಸ್ಟೋರೆಂಟ್ ನಡೆಸುವವರು. ನಾವು ಕುಡಿತದ ವಿರುದ್ಧ ಮಾತಾಡುವುದು ಹೇಗೆ? – ಥಾಣೆಯ ಒಬ್ಬ ಯುವ ವಿಭಾಗದ ಸದಸ್ಯ

ಉತ್ತರ: ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿದೆ, ಬಾಯಿಬಿಟ್ಟು ಕೇಳಿದ್ದು ನೀವು. ಮುಂಬಯಿಯಲ್ಲಿ ನಮ್ಮವರ ಎಷ್ಟೋ ಮನೆಗಳು ಹೋಟೆಲ್ ಉದ್ಯಮದಿಂದಲೇ ನಿಂತಿವೆ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ಬೇಡ. ಅವರನ್ನೇ ಮುಂದೆ ನಿಲ್ಲಿಸಿ. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ ತರದ್ದಕ್ಕೆ 25 ವರ್ಷ, ಬಿಯರ್‌ಗೆ 21 ವರ್ಷ ಆಗಿರಬೇಕು. ಮಕ್ಕಳಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ‘ನಮ್ಮ ಕೌಂಟರಿನಲ್ಲಿ ವಯಸ್ಸಿನ ಪುರಾವೆ ನೋಡದೆ ಕೊಡುವುದಿಲ್ಲ’ ಅಂತ ಹತ್ತು ಮಾಲೀಕರು ಸೇರಿ ತೀರ್ಮಾನಿಸಿದರೆ ನಮ್ಮ ಹತ್ತು ಭಾಷಣಕ್ಕಿಂತ ಮೇಲು.

ಅವರ ಹತ್ತಿರ ಇನ್ನೊಂದು ಕೇಳಿ. ಅದು ನನಗೆ ಇನ್ನೂ ಮುಖ್ಯ. ಹೋಟೆಲಿನ ಹುಡುಗರು. ರಾತ್ರಿ ಹನ್ನೆರಡೂವರೆಗೆ ಶಟರ್ ಎಳೆದು, ನೆಲ ಒರೆಸಿ, ಊಟ ಮಾಡಿ ಅಟ್ಟ ಹತ್ತುತ್ತಾರೆ. ಎದ್ದು ನಿಂತರೆ ತಲೆ ತಾಗುವಷ್ಟು ಎತ್ತರ, ಹತ್ತು ಜನರ ಚಾಪೆ, ಹಗ್ಗದ ಮೇಲೆ ಒದ್ದೆ ಬನಿಯನ್‌ಗಳು. ಊರಿನಿಂದ ಬಂದು ತಿಂಗಳೂ ಆಗದ ಹತ್ತೊಂಬತ್ತರ ಹುಡುಗನ ಕೈಯಲ್ಲಿ ಟಿಪ್ಸ್ ದುಡ್ಡಿದೆ. ಪಕ್ಕದ ಚಾಪೆಯವನು ಕ್ವಾರ್ಟರ್ ತೆಗೆದು ‘ಸ್ವಲ್ಪ ಹಾಕು, ಕಾಲುನೋವು ಹೋಗುತ್ತೆ, ನಿದ್ದೆ ಬರುತ್ತೆ’ ಅನ್ನುತ್ತಾನೆ. ಅವನಿಗೆ ಬೇಡ ಅನ್ನಲು ಬೇರೆ ಏನಿದೆ? ಮಲಗಲು ಸರಿಯಾದ ಕೋಣೆ, ವಾರಕ್ಕೊಂದು ಖಾತ್ರಿ ರಜೆ, ಸಂಬಳ ಬ್ಯಾಂಕ್ ಖಾತೆಗೆ, ಆ ರಜೆಯ ದಿನ ವಾಲಿಬಾಲ್ ಆಡಲು ಒಂದು ಮೈದಾನ. ಇದನ್ನು ಕೊಡಿಸುವ ಶಕ್ತಿ ನಿಮ್ಮ ಅಧ್ಯಕ್ಷರಿಗೆ ಇದೆ.

ನಿಮ್ಮ ಸಮಿತಿಗೂ ಒಂದು ಮಾತು. ಕಾರ್ಯಕ್ರಮ ಮುಗಿದ ಮೇಲೆ ಹಾಲ್‌ನ ಹಿಂದಿನ ಕೋಣೆಯಲ್ಲಿ ಬಾಟಲಿ ತೆಗೆಯುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಮಕ್ಕಳು ಅದನ್ನು ನೋಡಿರುತ್ತಾರೆ.

ಪ್ರಶ್ನೆ: 17 ವರ್ಷದ ಮಗನ ಬ್ಯಾಗಿನಲ್ಲಿ ಗಾಂಜಾ ಪುಡಿ ಸಿಕ್ಕಿತು. ಮನೆಯವರು ಅವನನ್ನು ಕಾರ್ಕಳದ ಅಜ್ಜಿ ಮನೆಗೆ ಕಳಿಸೋಣ ಅಂತಾರೆ. ಡಾಕ್ಟರ ಹತ್ತಿರ ಹೋದರೆ ಪೊಲೀಸ್ ಕೇಸ್ ಆಗುತ್ತಾ ಅಂತ ಹೆದರಿಕೆ. – ಭಾಂಡುಪ್‌ನ ಒಬ್ಬ ತಾಯಿ

ಉತ್ತರ: ಮೊದಲು ಸುಧಾರಿಸಿಕೊಳ್ಳಿ ಅಕ್ಕ. ಬ್ಯಾಗಿನಲ್ಲಿ ಸಿಕ್ಕ ಮಾತ್ರಕ್ಕೆ ಮಗ ವ್ಯಸನಿ ಅಂತಲ್ಲ. ಸುಮ್ನೆ ನೋಡೋಣ ಅಂತ ಒಂದೆರಡು ಸಲ ಸೇದಿರಬಹುದು, ದಿನಾ ಬೇಕೇ ಬೇಕು ಅನ್ನೋ ಹಂತ ಮುಟ್ಟಿರಬಹುದು. ಅದು ತಿಳಿಯದೆ ಊರಿಗೆ ಕಳಿಸಿದರೆ ಅಜ್ಜಿಗೆ ಭಾರ, ಅವನಿಗೆ ಸಿಟ್ಟು. ಜೊತೆಗೆ ಕಾಲೇಜೂ ತಪ್ಪುತ್ತದೆ. ಕುಡಿತ, ಗಾಂಜಾ ಅಲ್ಲೂ ಸಿಗುತ್ತದೆ.

ಅವನು ಶಾಂತವಾಗಿರುವ ಹೊತ್ತಿನಲ್ಲಿ, ನೆಂಟರು ಯಾರೂ ಇಲ್ಲದಾಗ ಕೇಳಿ. ಯಾವಾಗಿನಿಂದ, ಎಷ್ಟು ದಿನಕ್ಕೊಮ್ಮೆ, ಯಾವ ಬೇಜಾರಿಗೆ. ಹೊಡೆಯಬೇಡಿ. ಉತ್ತರ ಕೇಳಿದ ಮೇಲೆ ಐದು ನಿಮಿಷ ಏನೂ ಹೇಳಬೇಡಿ, ಅವನೇ ಮುಂದುವರಿಸುತ್ತಾನೆ. ಆಮೇಲೆ ಸಯಾನ್, ಕೆಇಎಂ ಅಥವಾ ನಾಯರ್ ಆಸ್ಪತ್ರೆಯ ಮಾನಸಿಕ ವಿಭಾಗದ ಒಪಿಡಿಗೆ ಕರೆದುಕೊಂಡು ಹೋಗಿ. ಭಾಂಡುಪ್‌ನಿಂದ ಸಯಾನ್ ಹತ್ತಿರ. ಹೋಗುವ ಮೊದಲು ಮಾತಾಡಬೇಕು ಅನಿಸಿದರೆ 14446, ಇದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಚಿಕಿತ್ಸೆಗೆ ಬಂದವರನ್ನು ಪೊಲೀಸರಿಗೆ ಒಪ್ಪಿಸುವುದು ಡಾಕ್ಟರ ಕೆಲಸ ಅಲ್ಲ. ತಾನಾಗಿ ಚಿಕಿತ್ಸೆಗೆ ಮುಂದೆ ಬಂದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, 64ಎ ಕಲಮು ರಕ್ಷಣೆಯನ್ನೂ ಕೊಡುತ್ತದೆ.

ಮುಂದೆ ಯಾವುದಾದರೂ ಕೇಂದ್ರಕ್ಕೆ ಸೇರಿಸಬೇಕಾಗಿ ಬಂದರೆ ನೋಂದಣಿ ಇದೆಯಾ, ಡಾಕ್ಟರು ದಿನಾ ಬರುತ್ತಾರಾ, ಮನೆಯವರನ್ನು ಭೇಟಿ ಮಾಡಲು ಬಿಡುತ್ತಾರಾ ಅಂತ ನೋಡಿ. ಕಟ್ಟಿ ಹಾಕುವುದು, ಹೊಡೆಯುವುದು ಚಿಕಿತ್ಸೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಶುರುಮಾಡಿದ ಕೃಪಾ ಫೌಂಡೇಶನ್, ಪುಣೆಯಲ್ಲಿ ಡಾ. ಅನಿಲ್ ಅವಚಟ್ ಮತ್ತು ಡಾ. ಅನಿತಾ ಅವಚಟ್ 1986ರಲ್ಲಿ ಕಟ್ಟಿದ ಮುಕ್ತಾಂಗಣ, ಇವೆರಡೂ ಮನೆಯವರನ್ನೂ ಜೊತೆಗೆ ಸೇರಿಸಿಕೊಂಡು ಕೆಲಸ ಮಾಡುವ ಸಂಸ್ಥೆಗಳು.

ಪ್ರಶ್ನೆ: ತಮ್ಮ ದಿನಾ ಕುಡಿಯುತ್ತಾನೆ. ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಇದೆಯಂತೆ, ಹಾಕಬಹುದಾ? – ವಸಾಯಿಯ ಓದುಗರು

ಉತ್ತರ: ಬೇಡ. ಅಂಥ ಪುಡಿಗಳಲ್ಲಿ ಡೈಸಲ್ಫಿರಾಂ ಅನ್ನೋ ಔಷಧ ಇರುವ ಸಾಧ್ಯತೆ ಇದೆ. ಅದು ದೇಹದಲ್ಲಿರುವಾಗ ಮದ್ಯ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಡಾಕ್ಟರೇ ಕೊಡಬೇಕಾದ ಔಷಧ ಅದು. ಹಾಗೇ, ದಿನಾ ಜಾಸ್ತಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ. ಎರಡು ಮೂರು ದಿನದೊಳಗೆ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಹಾಗಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಅವನು ಇನ್ನೂ ಒಪ್ಪದಿದ್ದರೂ ನೀವು ಅಲ್-ಅನಾನ್ ಸಭೆಗೆ ಹೋಗಬಹುದು. ಅದು ಕುಡಿಯುವವರ ಮನೆಯವರಿಗಾಗಿಯೇ ಇರುವ ಗುಂಪು, ಫೀಸು ಇಲ್ಲ.